ಕಾಸು ಕೊಡದ ಗಿರಾಕಿ

ಕಿರಿಯಳು: ಅಕ್ಕ, ಬೆಂಗಳೂರಿನ ಒಂದು ಶೈಕ್ಷಣಿಕ ಆಟಿಕೆ ಕಂಪನಿಯ ವಿನ್ಯಾಸ ವಿಭಾಗದಿಂದ ಸಂದರ್ಶನಕ್ಕೆ ಕರೆ ಬಂದಿದೆ. ಅಲ್ಲಿ ಮಾಡುವ ಕೆಲಸ ನಿಜಕ್ಕೂ ಎಂಥದ್ದು ಅನ್ನುವುದೇ ನನಗೆ ಸ್ಪಷ್ಟವಾಗಿಲ್ಲ. ಹೊರಗಿನಿಂದ ನೋಡುವವರಿಗೆ ಸುಖದ ಕೆಲಸ: ದಿನವಿಡೀ ಬಣ್ಣ, ಮರ, ಮಕ್ಕಳ ನಗು. ನೀವು ಈ ಉದ್ಯಮವನ್ನು ಹತ್ತಿರದಿಂದ ಬಲ್ಲವರು, ಅದಕ್ಕೇ ಕೇಳುತ್ತಿದ್ದೇನೆ.

ಹಿರಿಯಳು: ಮಕ್ಕಳ ನಗು ಕೇಳುವುದು ಎಂದೋ ಒಮ್ಮೆ, ಪರೀಕ್ಷಾ ವರದಿ ಓದುವುದು ದಿನಾ. ಆದರೂ ಒಳ್ಳೆಯ ಕೆಲಸ. ಅದರಲ್ಲಿ ನನಗೆ ಅನುಮಾನವಿಲ್ಲ. ಅದರ ಸ್ವಭಾವ ತಿಳಿಯಬೇಕಾದರೆ ಒಂದು ಸಂಗತಿಯಿಂದ ಶುರುಮಾಡಬೇಕು. ಬೇರೆ ಸರಕನ್ನು ಬಹುಮಟ್ಟಿಗೆ ಕೊಂಡವರೇ ಬಳಸುತ್ತಾರೆ, ಸರಿಯಿಲ್ಲದಿದ್ದರೆ ಅವರೇ ಅಂಗಡಿಗೆ ಬಂದು ಜಗಳವಾಡುತ್ತಾರೆ. ಆಟಿಕೆಯಲ್ಲಿ ಆಡುವುದು ಮಗು. ಕೊಳ್ಳುವುದು ಅಪ್ಪ ಅಮ್ಮ, ಅಜ್ಜಿ ತಾತ, ಹುಟ್ಟುಹಬ್ಬಕ್ಕೆ ಬರುವ ನೆಂಟರು. ಮಗುವಿಗೆ ಪೆಟ್ಟಿಗೆಯ ಮೇಲಿನ ಅಕ್ಷರ ಓದಲು ಬಾರದು, ಬೆಲೆ ತಿಳಿಯದು, ದೂರು ಕೊಡಲು ಗೊತ್ತಿಲ್ಲ. ಹಿಡಿಸದಿದ್ದರೆ ಮೂಲೆಗೆಸೆದು ಅಡುಗೆಮನೆಯ ಲೋಟ ತಟ್ಟೆಯ ಕಡೆ ಹೋಗುತ್ತದೆ. ಮೂಲೆಗೆ ಬಿದ್ದ ಆಟಿಕೆ ಯಾವ ಮಾರಾಟದ ಲೆಕ್ಕದಲ್ಲೂ ಬರುವುದಿಲ್ಲ. ಆಟಿಕೆ ಕಲಿಸುತ್ತದೆ ಎಂದು ಹೇಳಿ ಮಾರಿದಾಗ ಈ ಅಂತರ ಇನ್ನೂ ಹಿಗ್ಗುತ್ತದೆ. ಮಗು ಖುಷಿಪಟ್ಟಿತೇ ಎಂಬುದನ್ನು ದೊಡ್ಡವರು ಕಣ್ಣಾರೆ ನೋಡಬಲ್ಲರು. ಕಲಿತಿತೇ ಎಂಬುದನ್ನು ಹಾಗೆ ನೋಡಲಾಗದು, ನಂಬಬೇಕು. ನೀನು ಸೇರುತ್ತಿರುವುದು ಆ ನಂಬಿಕೆಯನ್ನು ಮಾರುವ ಕಂಪನಿಗೆ. ಕಾಸು ಕೊಡುವವರ ಪರವಾಗಿ ಮಾತಾಡಲು ಅಲ್ಲಿ ಒಂದು ಇಡೀ ಮಾರಾಟ ವಿಭಾಗ ಇರುತ್ತದೆ. ಕಾಸು ಕೊಡದ ಗಿರಾಕಿಯ ಪರವಾಗಿ ಮಾತಾಡಬೇಕಾದವರು ವಿನ್ಯಾಸದವರು ಮತ್ತು ಗುಣಮಟ್ಟ ನೋಡುವವರು. ಆ ಪರ ವಹಿಸುವ ಕೆಲಸ ಬಹುಪಾಲು ಏನನ್ನಾದರೂ ಸೇರಿಸುವುದರಲ್ಲಿಲ್ಲ, ತೆಗೆಯುವುದರಲ್ಲಿದೆ. ಇದು ನನ್ನ ವಾದ.

ಕಿರಿಯಳು: ಆದರೆ ಕಂಪನಿ ಬೆಳೆಯುವುದೇ ಸೇರಿಸುತ್ತಾ ಹೋಗುವುದರಿಂದ ಅಲ್ಲವೇ? ಹೋದ ವರ್ಷ ಗೊಂಬೆ ಹತ್ತು ಹಾಡು ಹೇಳುತ್ತಿದ್ದರೆ ಈ ವರ್ಷ ಇಪ್ಪತ್ತು ಹೇಳಬೇಕು. ಎರಡು ಪೆಟ್ಟಿಗೆ ಅಕ್ಕಪಕ್ಕ ಇದ್ದರೆ ಜನ ಹೆಚ್ಚು ಕೆಲಸ ಮಾಡುವುದನ್ನೇ ಎತ್ತಿಕೊಳ್ಳುತ್ತಾರೆ.

ಹಿರಿಯಳು: ಎತ್ತಿಕೊಳ್ಳುತ್ತಾರೆ, ನಿಜ. ಮನೆಗೆ ಹೋದ ಮೇಲೆ ಏನಾಗುತ್ತದೆ ಎಂಬುದನ್ನು ನೋಡಿದವರಿದ್ದಾರೆ. ಅಮೆರಿಕದ ಅರಿಝೋನಾದಲ್ಲಿ ಆನಾ ಸೋಸಾ ಎಂಬ ಸಂಶೋಧಕಿ 10ರಿಂದ 16 ತಿಂಗಳ ಮಕ್ಕಳಿರುವ 26 ಮನೆಗಳಲ್ಲಿ ಒಂದು ಅಧ್ಯಯನ ನಡೆಸಿದರು; ಅದು 2016ರಲ್ಲಿ ಮಕ್ಕಳ ವೈದ್ಯಕೀಯದ ಹೆಸರಾಂತ ಪತ್ರಿಕೆಯಲ್ಲಿ ಅಚ್ಚಾಯಿತು. ಪ್ರತಿ ಮನೆಗೂ ಮೂರು ಬಗೆಯ ಸಾಮಾನು ಕೊಟ್ಟರು: ದೀಪ ಬೆಳಗಿ ಮಾತಾಡುವ ಎಲೆಕ್ಟ್ರಾನಿಕ್ ಆಟಿಕೆಗಳು, ಮರದ ತುಂಡುಗಳಂಥ ಸಾದಾ ಆಟಿಕೆಗಳು, ಚಿತ್ರಪುಸ್ತಕಗಳು. ಆಡುವಾಗಿನ ಮಾತುಕತೆಯನ್ನು ಧ್ವನಿಮುದ್ರಿಸಿ ಎಣಿಸಿದರು. ಆಟಿಕೆ ಮಾತಾಡತೊಡಗಿದಾಗ ತಾಯಿತಂದೆ ಆಡುವ ಮಾತು ಕಡಿಮೆಯಾಯಿತು, ಮಗುವಿನ ದನಿಗೆ ಅವರು ಓಗೊಡುವುದು ಕಡಿಮೆಯಾಯಿತು. ಪುಸ್ತಕ ಹಿಡಿದಾಗ ಮಾತು ಎಲ್ಲಕ್ಕಿಂತ ಹೆಚ್ಚು. ಸಾದಾ ಆಟಿಕೆ ನಡುವೆ. ಇದರಲ್ಲಿ ವಿಚಿತ್ರವೇನೂ ಇಲ್ಲ. ಬೊಂಬೆ 'ಹಸು, ಅಂಬಾ' ಎಂದು ತಾನೇ ಹೇಳಿಬಿಟ್ಟರೆ ಅಮ್ಮ ಸುಮ್ಮನಾಗುತ್ತಾಳೆ. ಮರದ ಹಸುವಿಗೆ ದನಿಯಿಲ್ಲ. ಅದಕ್ಕೆ ಅಂಬಾ ಅನ್ನಬೇಕಾದವರು ಅಮ್ಮ, ಆಮೇಲೆ ಮಗು. ಭಾಷೆ ಕಲಿಯುವುದು ಆ ಅನ್ನುವಿಕೆಯಲ್ಲಿ. ಅಂದರೆ 'ಭಾಷೆ ಕಲಿಸುತ್ತದೆ' ಎಂದು ಪೆಟ್ಟಿಗೆಯ ಮೇಲೆ ಬರೆಸಿಕೊಂಡ ವಸ್ತುವೇ ಭಾಷೆಯ ಹೊತ್ತನ್ನು ತಿಂದುಹಾಕಬಹುದು. ಈ ಸಂಗತಿ ತಿಳಿದ ವಿನ್ಯಾಸಕಿ ಸ್ಪೀಕರನ್ನು ತೆಗೆಯಲು ಹೇಳುತ್ತಾಳೆ. ಮಾರಾಟದವರು ಅದನ್ನು ನಷ್ಟ ಎಂದು ನೋಡುತ್ತಾರೆ. ಅವರ ಎದುರು ಕೂತು ಆ ಮಾತನ್ನು ಎತ್ತಿಹಿಡಿಯುವುದು ನಿನ್ನ ಸಂಬಳದ ಕೆಲಸ.

ಕಿರಿಯಳು: 26 ಮನೆ ಎಂದರೆ ಬಹಳ ಸಣ್ಣ ಲೆಕ್ಕ, ಅದೂ ಬೇರೆ ದೇಶದ್ದು. ಅಷ್ಟರ ಮೇಲೆ ಒಂದು ಉದ್ಯಮದ ದಾರಿಯನ್ನು ತೀರ್ಮಾನಿಸಬಹುದೇ?

ಹಿರಿಯಳು: ಅದೊಂದರ ಮೇಲೇ ತೀರ್ಮಾನಿಸಬಾರದು. ಸಣ್ಣ ಅಧ್ಯಯನವನ್ನು ದೊಡ್ಡದಾಗಿ ಊದಿ ಹೇಳುವುದು ಈ ಉದ್ಯಮದ ಹಳೆಯ ಚಾಳಿ. ನಾನೂ ಅದನ್ನೇ ಮಾಡಬಾರದು. ಆದರೆ ಬೇರೆ ದಿಕ್ಕಿನಿಂದ ಹೊರಟ ಇನ್ನೊಂದು ಕೆಲಸವೂ ಅದೇ ಕಡೆಗೆ ಬಂದು ನಿಲ್ಲುತ್ತದೆ. ಎಲಿಜಬೆತ್ ಬೊನಾವಿಟ್ಸ್ ಮತ್ತು ಜೊತೆಗಾರರು 2011ರಲ್ಲಿ ಪ್ರಕಟಿಸಿದ ಪ್ರಯೋಗ ಅದು. ಕೊಳವೆಗಳನ್ನು ಜೋಡಿಸಿ ಮಾಡಿದ ಹೊಸ ಆಟಿಕೆಯೊಂದರಲ್ಲಿ ಹಲವು ಗುಟ್ಟು ಅಡಗಿಸಿದ್ದರು: ಒಂದು ಕಡೆ ಎಳೆದರೆ ಕೀ ಎನ್ನುತ್ತದೆ, ಇನ್ನೊಂದು ಕಡೆ ದೀಪ, ಮತ್ತೊಂದು ಕಡೆ ಸಂಗೀತ, ಒಳಗೆಲ್ಲೋ ಒಂದು ಕನ್ನಡಿ. ಕೆಲವು ಮಕ್ಕಳಿಗೆ 'ಇದು ಹೇಗೆ ಕೆಲಸ ಮಾಡುತ್ತದೆ ತೋರಿಸುತ್ತೇನೆ ನೋಡು' ಎಂದು ಟೀಚರ್ ಧಾಟಿಯಲ್ಲಿ ಕೀ ಎನ್ನುವುದನ್ನು ಮಾತ್ರ ತೋರಿಸಿದರು. ಕೆಲವರ ಎದುರು ಅದು ಕೈತಪ್ಪಿ ಆದಂತೆ ಮಾಡಿದರು. ಇನ್ನು ಕೆಲವರಿಗೆ ಏನನ್ನೂ ತೋರಿಸಲಿಲ್ಲ. ಪಾಠ ಮಾಡಿಸಿಕೊಂಡ ಮಕ್ಕಳು ತೋರಿಸಿದ್ದನ್ನು ಚೆನ್ನಾಗಿ ಕಲಿತರು, ಆದರೆ ಉಳಿದ ಗುಟ್ಟುಗಳನ್ನು ಹುಡುಕಿದ್ದು ಕಡಿಮೆ. ಗೊತ್ತಿರುವವರು ಇಷ್ಟೇ ತೋರಿಸಿದ್ದಾರೆ, ಹಾಗಾದರೆ ಇದರಲ್ಲಿ ಇರುವುದು ಇಷ್ಟೇ ಎಂದು ಮಗು ಲೆಕ್ಕ ಹಾಕುತ್ತದೆ. ಜಾಣ ಲೆಕ್ಕವೇ ಅದು. ಆಟಿಕೆಯ ಜೊತೆ ಇಡುವ ಸೂಚನೆಯ ಹಾಳೆ ಬರೆಯುವಾಗ ಈ ಪ್ರಯೋಗವನ್ನು ನೆನಪಿಡಬೇಕು. ಏನನ್ನು ಹೇಳಬೇಕು, ಯಾವುದನ್ನು ಮಗು ತಾನೇ ಕಂಡುಕೊಳ್ಳಲು ಬಿಡಬೇಕು ಎಂದು ಒಂದೊಂದು ಸಾಲಿನಲ್ಲೂ ಯೋಚಿಸಬೇಕಾಗುತ್ತದೆ.

ಕಿರಿಯಳು: ಹಾಗಾದರೆ ಮಾಂಟೆಸ್ಸರಿ ಸಾಮಗ್ರಿಯನ್ನು ಏನೆನ್ನುತ್ತೀರಿ? ಮರದ ದಿಮ್ಮಿಯಲ್ಲಿ ಹತ್ತು ಕುಳಿ, ಹತ್ತು ಉರುಳೆ. ಒಂದೊಂದು ಉರುಳೆಗೂ ಒಂದೇ ಕುಳಿ. ಅಲ್ಲಿ ಹುಡುಕಾಟಕ್ಕೆ ಜಾಗವೆಲ್ಲಿದೆ? ಜಗತ್ತಿನ ಶೈಕ್ಷಣಿಕ ಆಟಿಕೆ ಕಂಪನಿಗಳೆಲ್ಲ ಆಕೆಯ ಹೆಸರನ್ನೇ ಹೇಳುತ್ತವಲ್ಲ.

ಹಿರಿಯಳು: ಒಳ್ಳೆಯ ತಕರಾರು, ಹೊಸದೂ ಅಲ್ಲ. ವಿಲಿಯಂ ಕಿಲ್‌ಪ್ಯಾಟ್ರಿಕ್ ಎಂಬ ಅಮೆರಿಕದ ಶಿಕ್ಷಣತಜ್ಞ 1914ರಲ್ಲೇ ಒಂದು ಪುಸ್ತಕ ಬರೆದು ಮಾಂಟೆಸ್ಸರಿ ಸಾಮಗ್ರಿ ತೀರಾ ಇಕ್ಕಟ್ಟಿನದು, ಕಲ್ಪನೆಗೆ ಎಡೆಯಿಲ್ಲ ಎಂದು ಆಕ್ಷೇಪಿಸಿದ್ದರು. ಅದರಲ್ಲಿ ಸತ್ಯವಿದೆ. ಮಾಂಟೆಸ್ಸರಿಯವರಿಗಿಂತ ಹಿಂದಿನ ಜರ್ಮನಿಯ ಫ್ರೋಬೆಲ್ ಅವರ ದಾರಿ ಬೇರೆ. 1837ರಲ್ಲಿ ಬ್ಲಾಂಕೆನ್‌ಬುರ್ಗ್ ಎಂಬ ಊರಲ್ಲಿ ಕೆಲಸ ಶುರುಮಾಡಿದ ಅವರು ಮಕ್ಕಳಿಗೆ ಉಣ್ಣೆಯ ಚೆಂಡು, ಮರದ ಗೋಳ, ಎಂಟು ಸಣ್ಣ ಘನಗಳಾಗಿ ಒಡೆಯುವ ಒಂದು ಘನ ಕೊಟ್ಟರು. ಎಂಟು ಘನ ಕುರ್ಚಿಯಾದೀತು, ಮೆಟ್ಟಿಲಾದೀತು, ಬಾವಿಯಾದೀತು. ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ತನ್ನ ಕಲ್ಪನೆಯ ಬೇರು ಆ ತುಂಡುಗಳಲ್ಲಿದೆ ಎಂದು ಆತ್ಮಕಥೆಯಲ್ಲಿ ನೆನೆದಿದ್ದಾರೆ. ಮಾಂಟೆಸ್ಸರಿಯವರು 1907ರಲ್ಲಿ ರೋಮಿನ ಸಾನ್ ಲೊರೆಂಜೊ ಬಡಾವಣೆಯಲ್ಲಿ ಕೂಲಿಕಾರರ ಮಕ್ಕಳ ನಡುವೆ ಮಾಡಿದ್ದು ಇನ್ನೊಂದು. ಉರುಳೆ ತಪ್ಪು ಕುಳಿಗೆ ಹೋದರೆ ಕೊನೆಗೆ ಒಂದು ಉರುಳೆ ಕೂರುವುದಿಲ್ಲ, ಹೊರಗೆ ಉಳಿಯುತ್ತದೆ. ತಪ್ಪು ಎಂದು ಯಾರೂ ಹೇಳಬೇಕಿಲ್ಲ, ಶಭಾಸ್ ಎಂದೂ ಹೇಳಬೇಕಿಲ್ಲ. ಮಗು ತಾನೇ ನೋಡುತ್ತದೆ, ತೆಗೆಯುತ್ತದೆ, ಮತ್ತೆ ಇಡುತ್ತದೆ. ಉತ್ತರ ಒಂದೇ ಆದರೂ ಅದನ್ನು ಒಪ್ಪಿಸಬೇಕಾದ ದೊಡ್ಡವರು ನಡುವೆ ಇಲ್ಲ. ಇಬ್ಬರೂ ತೆಗೆದಿದ್ದಾರೆ ನೋಡು: ಫ್ರೋಬೆಲ್ ಅರ್ಥವನ್ನು ಬರಿದಾಗಿಟ್ಟರು, ಮಾಂಟೆಸ್ಸರಿ ತೀರ್ಪುಗಾರರನ್ನು ಹೊರಗಿಟ್ಟರು. ಒತ್ತಿದ ಕೂಡಲೇ ಚಪ್ಪಾಳೆ ತಟ್ಟಿ 'ವೆರಿ ಗುಡ್' ಅನ್ನುವ ಪ್ಲಾಸ್ಟಿಕ್ ಫಲಕ ಎರಡನ್ನೂ ಮಾಡಿಲ್ಲ. ಅರ್ಥವನ್ನೂ ಅದೇ ಹೇಳುತ್ತದೆ, ತೀರ್ಪನ್ನೂ ಅದೇ ಕೊಡುತ್ತದೆ. ಆಮೇಲೆ ಮಾಂಟೆಸ್ಸರಿಯವರು 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು, ಯುದ್ಧದ ಕಾರಣದಿಂದ 1946ರವರೆಗೆ ಈ ನಾಡಿನಲ್ಲೇ ಉಳಿದು ನೂರಾರು ಶಿಕ್ಷಕರಿಗೆ ತರಬೇತಿ ಕೊಟ್ಟರು. ನಮ್ಮ ಊರುಗಳ ಓಣಿಗಳಲ್ಲೂ ಆ ಹೆಸರಿನ ಬೋರ್ಡು ಕಾಣುವುದಕ್ಕೆ ಅದೂ ಒಂದು ಕಾರಣ.

ಕಿರಿಯಳು: ನಿಮ್ಮ ವಾದದಲ್ಲಿ ನನಗೆ ಕಷ್ಟವಾಗುವುದು ಇಲ್ಲಿ. ಆಟಿಕೆ ಸುಮ್ಮನಿರಲಿ, ತಾಯಿ ಮಾತಾಡಲಿ ಅನ್ನುತ್ತೀರಿ. ಪೀಣ್ಯದಲ್ಲೋ ಬೊಮ್ಮನಹಳ್ಳಿಯಲ್ಲೋ ಗಾರ್ಮೆಂಟ್ಸ್ ಕೆಲಸ ಮುಗಿಸಿ, ಬಸ್ಸು ಹಿಡಿದು, ಕತ್ತಲಾದ ಮೇಲೆ ಮನೆ ಸೇರುವ ತಾಯಿಗೆ ಮರದ ಹಸುವಿನ ಮುಂದೆ ಕೂತು ಅಂಬಾ ಅನ್ನಲು ಪುರುಸೊತ್ತೆಲ್ಲಿದೆ? ಅವಳ ಮಗುವಿಗೆ ಮಾತಾಡುವ ಆಟಿಕೆಯೇ ಗತಿ. ತೆಗೆಯುವ ವಿನ್ಯಾಸ ಬಿಡುವಿರುವ ಮನೆಗಳಿಗೆ ಮಾತ್ರ ಒದಗುವ ಐಷಾರಾಮ ಆಗುವುದಿಲ್ಲವೇ?

ಹಿರಿಯಳು: ನನ್ನ ವಾದಕ್ಕೆ ನಿಜವಾಗಿ ಪೆಟ್ಟು ಕೊಡುವ ಪ್ರಶ್ನೆ ಇದು. ಆ ಪ್ರಯೋಗಗಳೆಲ್ಲ ಪಕ್ಕದಲ್ಲಿ ದೊಡ್ಡವರೊಬ್ಬರು ಇದ್ದಾರೆ ಎಂದು ಇಟ್ಟುಕೊಂಡೇ ನಡೆದವು. ಯಾರೂ ಇಲ್ಲದ ಮನೆಯ ಬಗ್ಗೆ ಅವು ಏನನ್ನೂ ಹೇಳುವುದಿಲ್ಲ, ಆದ್ದರಿಂದ ಆ ತಾಯಿಗೆ ಬುದ್ಧಿ ಹೇಳುವ ಹಕ್ಕು ಯಾವ ಕಂಪನಿಗೂ ಇಲ್ಲ. ಆದರೆ ಆ ಮಗು ಹಗಲೆಲ್ಲ ಎಲ್ಲಿರುತ್ತದೆ? ಅಜ್ಜಿಯ ಹತ್ತಿರ, ಪಕ್ಕದ ಮನೆಯಲ್ಲಿ, ಇಲ್ಲವೇ ಅಂಗನವಾಡಿಯಲ್ಲಿ. ಕರ್ನಾಟಕದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಕಾರ್ಯಕರ್ತೆ ಇರುತ್ತಾಳೆ, ಸಹಾಯಕಿ ಇರುತ್ತಾಳೆ, ಆಚೀಚಿನ ಇಪ್ಪತ್ತು ಮಕ್ಕಳಿರುತ್ತಾರೆ. ಒಂದು ಮಗುವಿನ ಕಿವಿಗೆ ಹಾಡುವ ಯಂತ್ರಕ್ಕಿಂತ, ನಾಲ್ಕು ಮಕ್ಕಳು ಒಟ್ಟಿಗೆ ಕೂತು ಜಗಳವಾಡಿಕೊಂಡು ಕಟ್ಟುವ ತುಂಡುಗಳು ಅಲ್ಲಿ ಹೆಚ್ಚು ಮಾತನ್ನು ಹುಟ್ಟಿಸುತ್ತವೆ ಎಂದು ನಾನು ನಂಬುತ್ತೇನೆ. ಬ್ಯಾಟರಿ ಮುಗಿದರೆ ತರಲು ಅನುದಾನ ಬೇಕಿಲ್ಲ ಎಂಬುದೂ ಸಣ್ಣ ಮಾತಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿಕಲಿ, ಬಡ ಮಕ್ಕಳ ಸರ್ಕಾರಿ ಶಾಲೆಯಲ್ಲೂ ಕಾರ್ಡು, ಗುಂಪು, ಚಟುವಟಿಕೆಗಳಿಂದ ಪಾಠ ನಡೆಯಬಲ್ಲದು ಎಂದು ತೋರಿಸಿಕೊಟ್ಟಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಎಳೆಯರ ತರಗತಿಗೆ ಆಟವನ್ನು ತಂದಿದೆ, 2023ರಲ್ಲಿ ಕೇಂದ್ರ ಸರ್ಕಾರ 3ರಿಂದ 8 ವರ್ಷದವರಿಗೆಂದು 'ಜಾದೂಯಿ ಪಿಟಾರಾ' ಎಂಬ ಪೆಟ್ಟಿಗೆಯನ್ನೇ ಹೊರತಂದಿತು. ಹಾಗಾಗಿ ನಿನ್ನ ಪ್ರಶ್ನೆಗೆ ನನ್ನ ಉತ್ತರ: ಬಿಡುವಿಲ್ಲದ ತಾಯಿಗೆ ಮಾತಾಡುವ ಗೊಂಬೆ ಮಾರುವುದಕ್ಕಿಂತ, ಅಂಗನವಾಡಿಗೆ ತಡೆಯುವಂಥ, ಇಪ್ಪತ್ತು ಕೈ ದಾಟಿದರೂ ಉಳಿಯುವಂಥ ಸಾಮಗ್ರಿ ಮಾಡುವುದು ಕಂಪನಿಯ ಕೆಲಸ. ಲಾಭ ಕಡಿಮೆ, ಟೆಂಡರು, ಬಿಲ್ಲು ಎಂದು ಅಲೆದಾಟ ಜಾಸ್ತಿ. ಇಷ್ಟಾದರೂ ಎಲ್ಲ ಮಕ್ಕಳಿಗೂ ಇದು ಮುಟ್ಟೀತೆಂದು ನಾನು ಹೇಳಲಾರೆ.

ಕಿರಿಯಳು: ಲಾಭದ ಮಾತು ಬಂತು. ಪೆಟ್ಟಿಗೆಯ ಮೇಲೆ 'ಬುದ್ಧಿಶಕ್ತಿ ಹೆಚ್ಚಿಸುತ್ತದೆ' ಎಂದು ಬರೆಯದಿದ್ದರೆ, ಬರೆದವರ ಮುಂದೆ ನಾವು ಅಂಗಡಿ ಮುಚ್ಚಬೇಕಾಗುತ್ತದಲ್ಲ?

ಹಿರಿಯಳು: ಬರೆದು ಕೆಟ್ಟವರೂ ಇದ್ದಾರೆ. ಬೇಬಿ ಐನ್‌ಸ್ಟೈನ್ ಎಂಬ ಹೆಸರೇ ಒಂದು ಭರವಸೆಯಾಗಿತ್ತು. 1990ರ ದಶಕದಲ್ಲಿ ಶುರುವಾದ ಆ ವಿಡಿಯೋ ವ್ಯಾಪಾರವನ್ನು 2001ರಲ್ಲಿ ಡಿಸ್ನಿ ಕೊಂಡಿತು. ಎಳೆಗೂಸುಗಳಿಗೆ ಅದರಿಂದ ಕಲಿಕೆ ಆಗುತ್ತದೆಂಬುದಕ್ಕೆ ಆಧಾರವೇನು ಎಂದು ಪೋಷಕರ ಪರ ಸಂಘಟನೆಯೊಂದು ಬೆನ್ನು ಹತ್ತಿತು. 2009ರಲ್ಲಿ ಕಂಪನಿ ಕೊಂಡವರಿಗೆ ಹಣ ಹಿಂದಿರುಗಿಸಲು ಮುಂದಾಯಿತು. ಇನ್ನೊಂದು ಕಡೆ ಮಿಲ್ಟನ್ ಬ್ರಾಡ್ಲಿಯನ್ನು ನೋಡು. ಮ್ಯಾಸಚೂಸೆಟ್ಸಿನ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಬೋರ್ಡ್ ಆಟ ಮಾರಿ ಹೆಸರಾದವರು. ಫ್ರೋಬೆಲ್ ವಿಚಾರಕ್ಕೆ ಮನಸೋತು, ಶಿಶುವಿಹಾರದ ಸಾಮಗ್ರಿ ತಯಾರಿಸಲು ಇಳಿದರು. ಅದರಿಂದ ವರ್ಷಗಟ್ಟಲೆ ಲಾಭ ಹುಟ್ಟಲಿಲ್ಲ. ಜೊತೆಯಲ್ಲಿ ಹಣ ಹೂಡಿದವರು ಅದನ್ನು ಕೈಬಿಡಿ ಎಂದು ಒತ್ತಾಯಿಸಿದರೂ ಅವರು ಬಿಡಲಿಲ್ಲ. ಕಂಪನಿ ಮುಳುಗಲಿಲ್ಲ, ನೂರು ವರ್ಷಕ್ಕೂ ಹೆಚ್ಚು ಬಾಳಿತು. ಆಟದ ಬೋರ್ಡುಗಳ ಲಾಭ ಆ ಮರದ ತುಂಡುಗಳನ್ನು ಹೊತ್ತುಕೊಂಡಿತು ಎಂಬುದನ್ನು ಮರೆಯಬಾರದು. ಒಳ್ಳೆಯದನ್ನು ಮಾಡಿದರೆ ತಾನೇ ಗೆಲ್ಲುತ್ತದೆ ಎಂದು ನಾನು ಹೇಳುತ್ತಿಲ್ಲ. ಪೆಟ್ಟಿಗೆಯ ಮೇಲೆ ಸತ್ಯ ಬರೆಯಲು ಜಾಗವಿದೆ ಎಂದಷ್ಟೇ ಹೇಳುತ್ತೇನೆ. 'ಬೆರಳುಗಳಿಗೆ ಕೆಲಸ', 'ಗಾತ್ರ ಹೋಲಿಸುವ ಆಟ', 'ಇಬ್ಬರು ಆಡಿದರೆ ಚೆನ್ನ' ಎಂದು ಬರೆಯಬಹುದು. ಮಗುವಿನ ಬುದ್ಧಿಯ ಅಳತೆಯನ್ನು ಮುಂಗಡವಾಗಿ ಮಾರುವುದು ಬೇಡ, ತಾಯಿತಂದೆಯರ ಭಯವನ್ನು ಮುಟ್ಟಿ ಮಾರುವುದಂತೂ ಖಂಡಿತ ಬೇಡ. ಪಕ್ಕದ ಮನೆಯ ಮಗು ಮುಂದೆ ಹೋಗಿಬಿಟ್ಟೀತು ಎಂಬ ಭಯ ಈಗಾಗಲೇ ಎಲ್ಲರ ಮನೆಯಲ್ಲೂ ಬೇಕಾದಷ್ಟಿದೆ.

ಕಿರಿಯಳು: ಪರೀಕ್ಷಾ ವರದಿ ಎಂದಿರಿ. ಅದು ಗುಣಮಟ್ಟ ವಿಭಾಗದ ತಲೆನೋವಲ್ಲವೇ, ವಿನ್ಯಾಸಕ್ಕೇನು ಸಂಬಂಧ?

ಹಿರಿಯಳು: ತೆಗೆಯುವ ಕೆಲಸ ಅತ್ಯಂತ ಕಟ್ಟುನಿಟ್ಟಾಗಿ ನಡೆಯುವುದೇ ಅಲ್ಲಿ. ಪ್ರಯೋಗಾಲಯದಲ್ಲಿ 31.7 ಮಿಲಿಮೀಟರ್ ಬಾಯಿಯ ಒಂದು ಪುಟ್ಟ ಸಿಲಿಂಡರ್ ಇರುತ್ತದೆ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಯ ಯಾವ ತುಂಡೂ ಅದರೊಳಗೆ ಪೂರ್ತಿ ಇಳಿಯಬಾರದು; ಇಳಿದರೆ ಅದು ಮಗುವಿನ ಗಂಟಲಲ್ಲೂ ಸಿಕ್ಕಿಕೊಳ್ಳಬಹುದು. ಆಟಿಕೆಯನ್ನು ಎತ್ತರದಿಂದ ಬೀಳಿಸುತ್ತಾರೆ, ತಿರುಚುತ್ತಾರೆ, ಎಳೆಯುತ್ತಾರೆ. ಆಗ ಕಿತ್ತುಬಂದ ಚೂರನ್ನೂ ಅದೇ ಸಿಲಿಂಡರಿಗೆ ಹಾಕಿ ನೋಡುತ್ತಾರೆ. ಹಾಗಾಗಿ ನೀನು ಇಷ್ಟಪಟ್ಟು ಬಿಡಿಸಿದ ಪುಟ್ಟ ಟೋಪಿ, ಗುಂಡಿಯ ಕಣ್ಣು ಮೊದಲ ಪರೀಕ್ಷೆಗೇ ಹೋಗುತ್ತವೆ. ಇದನ್ನು ಹಗುರವಾಗಿ ಕಂಡರೆ ಏನಾಗುತ್ತದೆಂದು ಮ್ಯಾಗ್ನೆಟಿಕ್ಸ್ ಪ್ರಕರಣ ಹೇಳುತ್ತದೆ. ಅದೂ ಕಟ್ಟಿ ಕಲಿಯುವ ಆಟಿಕೆಯೇ. ಪ್ಲಾಸ್ಟಿಕ್ ತುಂಡುಗಳಿಂದ ಪುಟ್ಟ ಅಯಸ್ಕಾಂತಗಳು ಕಳಚಿ ಬೀಳುತ್ತಿದ್ದವು. ಎರಡನ್ನು ನುಂಗಿದರೆ ಕರುಳಿನ ಪದರಗಳ ಆಚೀಚೆಯಿಂದ ಒಂದನ್ನೊಂದು ಸೆಳೆದು ಕರುಳನ್ನೇ ತೂತು ಮಾಡುತ್ತವೆ. 2005ರಲ್ಲಿ ಅಮೆರಿಕದ ಒಂದು ಪುಟ್ಟ ಗಂಡುಮಗು ಹಾಗೆ ಸತ್ತಿತು. ಮರುವರ್ಷ ಸುಮಾರು 38 ಲಕ್ಷ ಸೆಟ್ಟುಗಳ ಹಿಂಪಡೆತ ಘೋಷಣೆಯಾಯಿತು. ನಮ್ಮಲ್ಲಿ 2021ರ ಜನವರಿ 1ರಿಂದ 14 ವರ್ಷದೊಳಗಿನವರ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಸಣ್ಣ ತಯಾರಕರು ಪರೀಕ್ಷೆಯ ಖರ್ಚಿನ ಬಗ್ಗೆ ಗೋಳಾಡುತ್ತಾರೆ, ಆ ಗೋಳು ಸುಳ್ಳಲ್ಲ. ನೋಂದಾಯಿತ ಕುಶಲಕರ್ಮಿಗಳಿಗೂ ಭೌಗೋಳಿಕ ಸೂಚಕದ ಸರಕಿಗೂ ಸರ್ಕಾರ ವಿನಾಯಿತಿ ಕೊಟ್ಟಿದೆ, ಆದ್ದರಿಂದ ಮರದ ಗೊಂಬೆಗಳ ಚನ್ನಪಟ್ಟಣ ಉಸಿರಾಡುತ್ತಿದೆ. ಆಲೆ ಮರ ಲೇತಿನಲ್ಲಿ ತಿರುಗುವಾಗ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ, ತಾಳೆಗರಿ ಹಿಡಿದರೆ ಹೊಳಪು ಬರುತ್ತದೆ. ಚೂಪು ಅಂಚಿಲ್ಲ, ಬಾಯಿಗಿಟ್ಟರೂ ಹೆದರಿಕೆಯಿಲ್ಲದ ಅರಿಸಿನ, ನೀಲಿಯಂಥ ಗಿಡದ ಬಣ್ಣಗಳನ್ನು ಬಳಸುವವರಿದ್ದಾರೆ. ಆದರೆ ಅಲ್ಲಿಂದ ತರಿಸಿ ನಿನ್ನ ಕಂಪನಿಯ ಹೆಸರಲ್ಲಿ ಮಾರುವಾಗ ಆ ಬಣ್ಣ ಯಾವುದೆಂದು ಕೇಳಲೇಬೇಕು, ಪರೀಕ್ಷೆಯ ಖರ್ಚನ್ನು ಕಂಪನಿಯೇ ಹೊರಬೇಕು. ವಿನಾಯಿತಿ ಕುಶಲಕರ್ಮಿಗೆ ಸಿಕ್ಕಿದೆ, ಮಗುವಿನ ಹೊಟ್ಟೆಗೆ ಸಿಕ್ಕಿಲ್ಲ.

ಕಿರಿಯಳು: ಕೊನೆಯ ತಕರಾರು ಒಂದಿದೆ. ಅರವಿಂದ ಗುಪ್ತ ಬೆಂಕಿಕಡ್ಡಿ, ಸೈಕಲ್ ವಾಲ್ವ್ ಟ್ಯೂಬಿನಲ್ಲೇ ರೇಖಾಗಣಿತ ಕಲಿಸಿದರು, ಕಸದಿಂದ ಪಂಪು ಮಾಡಿಸಿದರು, ಎಲ್ಲವನ್ನೂ ಪುಕ್ಕಟೆ ಹಂಚಿದರು. ನಮ್ಮ ಹಳ್ಳಿಗಳಲ್ಲಿ ಅಳಗುಳಿ ಮಣೆ, ಚೌಕಾಬಾರ ಎಣಿಕೆ ಕಲಿಸಿದ್ದಕ್ಕೆ ಯಾವ ಕಂಪನಿಯೂ ಬೇಕಾಗಿರಲಿಲ್ಲ. ತೆಗೆಯುತ್ತಾ ಹೋದರೆ ಕೊನೆಗೆ ಕಂಪನಿಯನ್ನೇ ತೆಗೆಯಬೇಕಲ್ಲ ಅಕ್ಕ?

ಹಿರಿಯಳು: ಅವರ ಕೆಲಸಕ್ಕೆ ನಾನು ತಲೆಬಾಗುತ್ತೇನೆ. 1970ರ ದಶಕದ ಕೊನೆಯಲ್ಲಿ ಹೋಶಂಗಾಬಾದಿನ ವಿಜ್ಞಾನ ಶಿಕ್ಷಣದ ಕೆಲಸದಲ್ಲಿ ಅವರು ಕಂಡುಕೊಂಡದ್ದನ್ನು ಆಟಿಕೆ ವಿನ್ಯಾಸಕರೆಲ್ಲ ಓದಬೇಕು. ಒಡೆದು ನೋಡಿದರೂ ಬೈಸಿಕೊಳ್ಳದ ಆಟಿಕೆ ಎಷ್ಟು ಕಲಿಸಬಲ್ಲದೆಂದು ಅಲ್ಲಿ ತಿಳಿಯುತ್ತದೆ. ಕಂಪನಿ ಇಲ್ಲದೆ ಬಾಲ್ಯ ನಡೆಯುವುದಿಲ್ಲ ಎಂದು ಯಾರಾದರೂ ಹೇಳಿದರೆ ಅದು ಸುಳ್ಳು. ಆದರೂ ಕೆಲವು ಕೆಲಸ ಮನೆಯಲ್ಲಿ ಆಗುವುದಿಲ್ಲ. ಒಂದರಿಂದ ಹತ್ತು ಸೆಂಟಿಮೀಟರಿನವರೆಗೆ ಒಂದೊಂದೇ ಸೆಂಟಿಮೀಟರ್ ಏರುವ ಹತ್ತು ಘನಗಳ ಗುಲಾಬಿ ಗೋಪುರ ನಿಖರವಾಗಿರಬೇಕು. ಅಳತೆ ಜಾರಿದರೆ ಮಗುವಿಗೆ ಸುಳ್ಳು ಹೇಳಿದಂತೆ. ದೃಷ್ಟಿಯಿಲ್ಲದ ಮಗುವಿಗೆ ಬ್ರೈಲ್ ಚುಕ್ಕೆಗಳ ತುಂಡು ಬೇಕು. ಇವಕ್ಕೆ ಒಳ್ಳೆಯ ಮೋಲ್ಡು, ಒಣಗಿದ ಮರ, ಬ್ಯಾಚಿನಿಂದ ಬ್ಯಾಚಿಗೆ ಬದಲಾಗದ ಬಣ್ಣ ಬೇಕು. ಅದು ಕಾರ್ಖಾನೆಯ ಕೆಲಸವೇ. 2020ರಲ್ಲಿ ಆಮದು ಸುಂಕ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿತು. ಕೊಪ್ಪಳದ ಭಾನಾಪುರದಲ್ಲಿ ಆಟಿಕೆಗೆಂದೇ ಕೈಗಾರಿಕಾ ವಲಯ ಎದ್ದಿತು. ಇಲ್ಲಿಯ ಆಟಿಕೆ ಹೇಗಿರಬೇಕೆಂದು ತೀರ್ಮಾನಿಸುವ ಅವಕಾಶ ಇಲ್ಲಿಯವರಿಗೆ ಈಗ ಹಿಂದಿಗಿಂತ ಹೆಚ್ಚಿದೆ. ಅಳಗುಳಿ ಮಣೆ ಬಲ್ಲವರು ಆ ತೀರ್ಮಾನದ ಕೋಣೆಯಲ್ಲಿ ಇರಲಿ ಎಂಬುದೇ ನನ್ನ ಆಸೆ.

ಕಿರಿಯಳು: ಸಂದರ್ಶನದ ಕೊನೆಗೆ 'ನಿಮ್ಮದೇನಾದರೂ ಪ್ರಶ್ನೆ ಇದೆಯೇ' ಎಂದು ಕೇಳುತ್ತಾರಲ್ಲ, ನಾನೇನು ಕೇಳಲಿ?

ಹಿರಿಯಳು: ಪೆಟ್ಟಿಗೆಯ ಮೇಲಿನ ಬರಹಕ್ಕೆ ಕೊನೆಯ ಒಪ್ಪಿಗೆ ಯಾರದು ಎಂದು ಕೇಳು, ಮಾರಾಟದವರದ್ದು ಮಾತ್ರ ಎಂದರೆ ಯೋಚಿಸು. ಪರೀಕ್ಷೆಯಲ್ಲಿ ಬಿದ್ದುಹೋದ ಬ್ಯಾಚನ್ನು ಏನು ಮಾಡಿದಿರಿ ಎಂದು ಕೇಳು, ಉತ್ತರ ತಡವರಿಸಿದರೆ ಅದನ್ನೂ ಗಮನಿಸು. ಇನ್ನೊಂದು, ಕಳೆದುಹೋದ ತುಂಡನ್ನು ಬಿಡಿಯಾಗಿ ಕೊಡುತ್ತೀರಾ ಎಂದು ಕೇಳು. ಹತ್ತರಲ್ಲಿ ಒಂದು ಉರುಳೆ ಮಂಚದಡಿ ಮಾಯವಾದರೆ ಇಡೀ ದಿಮ್ಮಿ ಕೆಲಸಕ್ಕೆ ಬಾರದು, ಅಂಗನವಾಡಿಯಲ್ಲಂತೂ ಬೀರು ಸೇರುತ್ತದೆ. ಕೊಡುತ್ತೇವೆ ಎಂದರೆ ಅದರ ಬೆಲೆ ವಿಚಾರಿಸು. ಇಲ್ಲ ಎಂದರೆ, ನನ್ನನ್ನು ತೆಗೆದುಕೊಂಡರೆ ಮೊದಲು ಅದನ್ನೇ ಶುರುಮಾಡುತ್ತೇನೆ ಎಂದು ಅಲ್ಲೇ ಹೇಳಿಬಿಡು.